ಹಿತ್ತಲಿನ ಸೊಳ್ಳೆ ಟ್ರ್ಯಾಪ್: ಏನಿಟ್ಟು ಕರೆಯಬೇಕು, ಎಲ್ಲಿ ನೇತುಹಾಕಬೇಕು

ಮೊದಲು ನನ್ನ ದಡ್ಡತನ ಹೇಳಿಬಿಡುತ್ತೇನೆ. ನಮ್ಮ ಮನೆ ಮಂಡ್ಯದ ಹೊರವಲಯದಲ್ಲಿ, ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಒಂದು ಚಿಕ್ಕ ಕಾಲುವೆ ಪಕ್ಕ. ಹಿಂದೆ ಗದ್ದೆ, ಎಡಕ್ಕೆ ಅಜ್ಜಿಯೊಬ್ಬರ ಕೊಟ್ಟಿಗೆ, ಬಲಕ್ಕೆ ಚರಂಡಿ. ಸೊಳ್ಳೆಗೆ ಬೇಕಾದ್ದೆಲ್ಲ ಒಂದೇ ಕಡೆ ಇದೆ. ಆಗಸ್ಟ್‌ನಲ್ಲಿ ನಾಟಿ ಮುಗಿದು ಗದ್ದೆಯಲ್ಲಿ ನೀರು ನಿಂತ ಮೇಲಂತೂ ಸಂಜೆ ಆರಕ್ಕೆ ಜಗಲಿ ಮೇಲೆ ಕೂತರೆ ಕಾಲು ಕೆರೆದುಕೊಳ್ಳುವುದೇ ಕೆಲಸ. ತಡೆಯಲಾರದೆ ಆನ್‌ಲೈನ್‌ನಲ್ಲಿ ನೇರಳೆ ಬೆಳಕಿನ ದೀಪವೊಂದನ್ನು ತರಿಸಿದೆ. ಸುತ್ತ ಕರೆಂಟ್ ತಂತಿ, ಹುಳ ತಾಗಿದರೆ ಚಟ್ ಅನ್ನುತ್ತಲ್ಲ, ಅದು. ತಂದವನೇ ಜಗಲಿಯ ತೊಲೆಗೆ, ಸರಿಯಾಗಿ ನನ್ನ ಕುರ್ಚಿಯ ನೆತ್ತಿಗೆ ನೇತುಹಾಕಿದೆ.

ರಾತ್ರಿಯೆಲ್ಲ ಚಟಪಟ. ಬೆಳಿಗ್ಗೆ ತಟ್ಟೆಯಲ್ಲಿ ಒಂದು ಹಿಡಿ ಹುಳ. ಕಾಲಲ್ಲಿ ಮಾತ್ರ ಹಿಂದಿನ ದಿನಕ್ಕಿಂತ ಜಾಸ್ತಿ ದದ್ದು. ಅಜ್ಜಿ ಬೇಲಿಯಾಚೆಯಿಂದ ನೋಡಿ ಒಂದೇ ಮಾತು ಕೇಳಿದರು: "ಏನ್ಲಾ ಮಗ, ದೀಪ ಹಚ್ಚಿಟ್ಟು ಸೊಳ್ಳೆಗೆ ಊಟಕ್ ಕರೀತಿದ್ದೀಯಾ?"

ಅಜ್ಜಿ ತಮಾಷೆಗೆ ಹೇಳಿದರೂ ವಿಷಯ ಅದೇ. ಸೊಳ್ಳೆ ಟ್ರ್ಯಾಪ್ ಅಂದರೆ ಸೊಳ್ಳೆಯನ್ನು ಊಟಕ್ಕೆ ಕರೆಯುವ ಯಂತ್ರ. ಕರೆದು ಎಲೆ ಎಲ್ಲಿ ಹಾಕುತ್ತೀರಿ ಅನ್ನುವುದರ ಮೇಲೆ ಅದು ಕೆಲಸ ಮಾಡುತ್ತದೋ ಇಲ್ಲವೋ ಅನ್ನುವುದು ನಿಂತಿದೆ. ಆಮೇಲೆ ಎರಡು ಮಳೆಗಾಲ ಬೇರೆ ಬೇರೆ ಟ್ರ್ಯಾಪ್ ಇಟ್ಟು, ತೆಗೆದು, ಜಾಗ ಬದಲಿಸಿ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ಹೊಸದಾಗಿ ಕೊಳ್ಳುವವರು ಇದನ್ನು ಓದಿ ಆಮೇಲೆ ದುಡ್ಡು ಕೊಡಿ.

ಸೊಳ್ಳೆ ನಮ್ಮನ್ನು ಹುಡುಕುವುದು ಹೇಗೆ

ಇದು ಗೊತ್ತಿಲ್ಲದೆ ಯಾವ ಟ್ರ್ಯಾಪ್ ಕೊಂಡರೂ ಸುಮ್ನೆ.

ಕಚ್ಚುವುದು ಹೆಣ್ಣು ಸೊಳ್ಳೆ ಮಾತ್ರ. ಹೊಟ್ಟೆಪಾಡಿಗೆ ಗಂಡಿಗೂ ಹೆಣ್ಣಿಗೂ ಹೂವಿನ ಸಿಹಿ, ಗಿಡದ ರಸ ಸಾಕು. ಆದರೆ ಮೊಟ್ಟೆ ಕಟ್ಟಲು ಹೆಣ್ಣಿಗೆ ಪ್ರೋಟೀನ್ ಬೇಕು, ಅದು ಸಿಗುವುದು ರಕ್ತದಲ್ಲಿ. ಹಾಗಾಗಿ ಅದು ಹುಡುಕುವುದು ಉಸಿರಾಡುವ, ಬೆಚ್ಚಗಿರುವ, ಬೆವರುವ ಪ್ರಾಣಿಯನ್ನು. ಅದು ನಾವಾದರೂ ಆಯಿತು, ಹಸುವಾದರೂ ಆಯಿತು.

ದೂರದಿಂದ ಅದಕ್ಕೆ ಮೊದಲು ಸಿಗುವ ಸುಳಿವು ನಮ್ಮ ಉಸಿರು. ಬಯಲಿನ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಸುಮಾರು 0.04%. ನಾವು ಹೊರಗೆ ಬಿಡುವ ಉಸಿರಿನಲ್ಲಿ ಸುಮಾರು 4%. ಅಂದರೆ ನೂರು ಪಟ್ಟು. ಸೊಳ್ಳೆಯ ಸೊಂಡಿಲಿನ ಪಕ್ಕದಲ್ಲಿ ಪುಟ್ಟ ಮೀಸೆಯಂಥ ಎರಡು ಅಂಗ ಇರುತ್ತವೆ, ಅವು ಈ ವ್ಯತ್ಯಾಸವನ್ನು ಹತ್ತಾರು ಮೀಟರ್ ದೂರದಿಂದಲೇ ಹಿಡಿಯುತ್ತವೆ. ಉಸಿರು ಗಾಳಿಯಲ್ಲಿ ಊದುಬತ್ತಿ ಹೊಗೆಯ ಹಾಗೆ ಎಳೆ ಎಳೆಯಾಗಿ ಹೋಗುತ್ತದೆ. ಆ ಎಳೆ ಸಿಕ್ಕಿದ ಸೊಳ್ಳೆ ಗಾಳಿಗೆ ಎದುರಾಗಿ, ಎಳೆ ತಪ್ಪಿದಾಗ ಅತ್ತಿತ್ತ ಓಲಾಡಿ ಮತ್ತೆ ಹಿಡಿದು, ಮೂಲದ ಕಡೆಗೆ ಬರುತ್ತದೆ. ಗಾಳಿಗೆ ಎದುರಾಗಿ ಬರುತ್ತದೆ ಅನ್ನುವುದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹತ್ತಿರ ಬಂದ ಮೇಲೆ ಬೆವರಿನ ವಾಸನೆ. ಲ್ಯಾಕ್ಟಿಕ್ ಆಮ್ಲ, ಅಮೋನಿಯ, ಚರ್ಮದ ಮೇಲಿನ ಬ್ಯಾಕ್ಟೀರಿಯಾ ಮಾಡುವ ಕೊಬ್ಬಿನ ಆಮ್ಲಗಳು, ಇವೆಲ್ಲ ಸೇರಿದ ಒಂದು ವಾಸನೆ ಅದು. ಒಬ್ಬರಿಗೆ ಜಾಸ್ತಿ ಕಚ್ಚುತ್ತದೆ, ಪಕ್ಕದಲ್ಲೇ ಕೂತವರನ್ನು ಬಿಡುತ್ತದೆ ಅಂತ ಎಲ್ಲರ ಮನೆಯಲ್ಲೂ ಜಗಳ ಇರುತ್ತದಲ್ಲ, ಅದಕ್ಕೆ ದೊಡ್ಡ ಕಾರಣ ಈ ವಾಸನೆಯೇ ಹೊರತು "ಸಿಹಿ ರಕ್ತ" ಅಲ್ಲ. ಇದರ ಜೊತೆಗೆ ಕಣ್ಣೂ ಕೆಲಸ ಮಾಡುತ್ತದೆ. ಉಸಿರಿನ ಎಳೆ ಸಿಕ್ಕ ಸೊಳ್ಳೆ ಎದ್ದು ಕಾಣುವ ಕಪ್ಪು ವಸ್ತುಗಳ ಕಡೆ ತಿರುಗುತ್ತದೆ. ಕೊನೆಗೆ, ಚರ್ಮದ ಹತ್ತಿರ ಬಂದಾಗ, ಮೈಬಿಸಿ ಮತ್ತು ತೇವ.

ಟ್ರ್ಯಾಪ್‌ಗಳು ಮಾಡುವುದು ಇದರ ನಾಟಕವನ್ನು. ಒಂದು ಉಸಿರಿನ ನಾಟಕ ಮಾಡುತ್ತದೆ, ಇನ್ನೊಂದು ಬೆವರಿನದ್ದು, ಮತ್ತೊಂದು ಬಿಸಿಯದ್ದು. ಬರೀ ದೀಪ ಇರುವ ಯಂತ್ರ ಇದರಲ್ಲಿ ಯಾವ ವೇಷವನ್ನೂ ಹಾಕುವುದಿಲ್ಲ. ಬೆಳಕಿಗೆ ಕ್ಯೂಲೆಕ್ಸ್, ಅನಾಫಿಲಿಸ್ ಅನ್ನುವ ಜಾತಿಯ ಕೆಲವು ಸೊಳ್ಳೆ ಬರುತ್ತವೆ ನಿಜ. ಆದರೆ ಪಕ್ಕದಲ್ಲೇ ನಿಜವಾದ ಮನುಷ್ಯ ಉಸಿರಾಡುತ್ತಾ ಕೂತಿದ್ದರೆ ದೀಪವನ್ನು ಯಾರು ಕೇಳುತ್ತಾರೆ?

ಹಿಡಿಯುವ ಕೆಲಸ ಸರಳ. ಸೊಳ್ಳೆ ದುರ್ಬಲ ಹಾರಾಟಗಾರ, ಸೆಕೆಂಡಿಗೆ ಒಂದು ಮೀಟರ್ ಆಸುಪಾಸು ಅಷ್ಟೇ. ಟ್ರ್ಯಾಪ್‌ನ ಬಾಯಲ್ಲಿ ಒಂದು ಪುಟ್ಟ ಫ್ಯಾನ್ ಒಳಗೆ ಗಾಳಿ ಎಳೆಯುತ್ತಿರುತ್ತದೆ. ನಾಲ್ಕು ಬೆರಳಿನಷ್ಟು ಹತ್ತಿರ ಬಂದ ಸೊಳ್ಳೆ ಆ ಎಳೆತ ಮೀರಿ ಹಾರಲಾರದೆ ಕೆಳಗಿನ ಬಲೆ ಚೀಲಕ್ಕೆ ಬೀಳುತ್ತದೆ. ಫ್ಯಾನ್ ಗಾಳಿಗೆ ಒಣಗಿ ಸಾಯುತ್ತದೆ. ವಿಷ ಇಲ್ಲ, ಹೊಗೆ ಇಲ್ಲ.

ಮೊದಲ ಕೆಲಸ: ಕಚ್ಚುತ್ತಿರುವುದು ಯಾವುದು ಅಂತ ನೋಡಿ

ಎರಡು ದಿನ ಗಮನಿಸಿದರೆ ಸಾಕು, ಭೂತಗನ್ನಡಿ ಬೇಡ.

ಹಗಲು ಹೊತ್ತು, ಅದರಲ್ಲೂ ಬೆಳಿಗ್ಗೆ ಮತ್ತು ಸಂಜೆಗೆ ಮುಂಚೆ, ಸದ್ದಿಲ್ಲದೆ ಕಣಕಾಲಿಗೆ ಕಚ್ಚುತ್ತಿದೆಯೇ? ಕಪ್ಪು ಮೈ, ಕಾಲಿಗೆ ಬಿಳಿ ಪಟ್ಟೆ ಇದೆಯೇ? ಅದು ಈಡಿಸ್. ಡೆಂಗಿ, ಚಿಕುನ್‌ಗುನ್ಯಾ ಹರಡುವುದು ಇದೇ. ಮನೆಯ ಸುತ್ತ ನಿಂತ ನೀರಿನಲ್ಲೇ ಹುಟ್ಟುತ್ತದೆ, ಹುಟ್ಟಿದ ಜಾಗದಿಂದ ಸಾಮಾನ್ಯವಾಗಿ ನೂರಿನ್ನೂರು ಮೀಟರ್ ದಾಟುವುದಿಲ್ಲ. ಮೈಸೂರಿನ ಬಡಾವಣೆಗಳಲ್ಲಿ ಹಗಲು ಕಚ್ಚುವುದು ಬಹುಪಾಲು ಇದೇ.

ಸಂಜೆಯಿಂದ ರಾತ್ರಿಯಿಡೀ ಕಿವಿ ಹತ್ತಿರ ಗುಂಯ್ ಅನ್ನುವ ಕಂದು ಸೊಳ್ಳೆ ಕ್ಯೂಲೆಕ್ಸ್. ಚರಂಡಿಯದ್ದು ಒಂದು ಬಗೆ, ಆನೆಕಾಲು ರೋಗ ತರುವುದು. ಗದ್ದೆಯದ್ದು ಇನ್ನೊಂದು ಬಗೆ, ಅದು ಮಿದುಳು ಜ್ವರ ಹರಡುತ್ತದೆ. ಮಂಡ್ಯ ಜಿಲ್ಲೆ ಹಿಂದೆ ಮಿದುಳು ಜ್ವರ ಕಂಡ ಜಿಲ್ಲೆ, ಹಿರಿಯರನ್ನು ಕೇಳಿದರೆ ಹೇಳುತ್ತಾರೆ. ಕ್ಯೂಲೆಕ್ಸ್ ಒಂದೆರಡು ಕಿಲೋಮೀಟರ್ ಹಾರಿ ಬರಬಲ್ಲದು, ಹಾಗಾಗಿ ನಿಮ್ಮ ಹಿತ್ತಲು ಎಷ್ಟೇ ಸ್ವಚ್ಛವಾಗಿದ್ದರೂ ಬರುತ್ತದೆ.

ಗೋಡೆ ಮೇಲೆ ತಲೆ ಕೆಳಗೆ, ಬಾಲ ಮೇಲೆ ಮಾಡಿ ಮೊಳೆ ಹೊಡೆದ ಹಾಗೆ ಓರೆಯಾಗಿ ಕೂರುವುದು ಅನಾಫಿಲಿಸ್, ಮಲೇರಿಯದ್ದು. ಈಗ ನಮ್ಮ ಕಡೆ ಅಷ್ಟು ಭಯ ಇಲ್ಲ. ಆದರೆ ವಿ.ಸಿ. ನಾಲೆ ಇನ್ನೂ ಇರ್ವಿನ್ ನಾಲೆ ಅನ್ನಿಸಿಕೊಳ್ಳುತ್ತಿದ್ದ ಕಾಲದಲ್ಲಿ ನೀರಿನ ಜೊತೆ ಮಲೇರಿಯವೂ ಊರೂರಿಗೆ ಬಂದಿತ್ತು. ಮೈಸೂರು ಸರ್ಕಾರ ಅಮೆರಿಕದ ರಾಕ್‌ಫೆಲರ್ ಫೌಂಡೇಶನ್ ಜೊತೆ ಸೇರಿ ಮಲೇರಿಯದ ಅಧ್ಯಯನ ನಡೆಸಿದ ಜಾಗಗಳಲ್ಲಿ ಮಂಡ್ಯವೂ ಒಂದು.

ಈಡಿಸ್ ಆದರೆ ಈ ಲೇಖನದ ಕೊನೆಯ ಭಾಗಕ್ಕೆ ಹೋಗಿ, ನಿಮಗೆ ಬೇಕಾದ್ದು ಒಂದು ಕಪ್ಪು ಬಕೆಟ್ ಮಾತ್ರ. ಸಂಜೆ ರಾತ್ರಿಯ ಸೊಳ್ಳೆ ಆದರೆ ಮುಂದೆ ಓದಿ.

ಕೊಳ್ಳುವಾಗ

ಚಟ್ ಅನ್ನುವ ದೀಪ ಬೇಡ. ಅಮೆರಿಕದ ಡೆಲವೇರ್‌ನಲ್ಲಿ ಮನೆಗಳ ಅಂಗಳದಲ್ಲಿಟ್ಟ ಇಂಥ ದೀಪಗಳಲ್ಲಿ ಸತ್ತ ಹುಳಗಳನ್ನು ಕೂತು ಎಣಿಸಿದ್ದಾರೆ, 1996ರಲ್ಲಿ ಅದು ಪ್ರಕಟವಾಯಿತು. ಒಟ್ಟು 13,789 ಹುಳ. ಅದರಲ್ಲಿ ಕಚ್ಚುವ ಜಾತಿಯವು 31. ಉಳಿದದ್ದೆಲ್ಲ ಪತಂಗ, ಜೀರುಂಡೆ, ನೀರಿನ ನೊರಜು, ಪಾಪದ ಹುಳಗಳು. ನನ್ನ ತಟ್ಟೆಯಲ್ಲಿದ್ದ ಒಂದು ಹಿಡಿಯೂ ಅದೇ ಇರಬೇಕು. ಗದ್ದೆಯವರಿಗೆ ಇದು ಹೊಸದೇನಲ್ಲ ಬಿಡಿ, ಭತ್ತದ ಕಾಂಡ ಕೊರಕದ ಪತಂಗ, ಕಂದು ಜಿಗಿಹುಳು ಎಷ್ಟಿದೆ ಅಂತ ನೋಡಲು ದೀಪದ ಬಲೆ ಇಡುತ್ತಾರಲ್ಲ. ದೀಪಕ್ಕೆ ಬರುವ ಗಿರಾಕಿಗಳೇ ಬೇರೆ.

ಕಿವಿಗೆ ಕೇಳದ ಶಬ್ದ ಮಾಡಿ ಸೊಳ್ಳೆ ಓಡಿಸುತ್ತೇವೆ ಅನ್ನುವ ಪ್ಲಗ್‌ಗಳನ್ನು ಮುಟ್ಟಲೇಬೇಡಿ. ಬಯಲಿನಲ್ಲಿ ನಡೆದ ಪರೀಕ್ಷೆಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದಾಗ ಅವು ಕಚ್ಚುವುದನ್ನು ತಡೆಯುತ್ತವೆ ಅನ್ನುವುದಕ್ಕೆ ಏನೂ ಸಿಗಲಿಲ್ಲ.

ಸಣ್ಣ ನೇರಳೆ ಎಲ್‌ಇಡಿ, ಕೆಳಗೆ ಫ್ಯಾನ್, ಅದರ ಕೆಳಗೆ ಬುಟ್ಟಿ ಇರುವ ಯಂತ್ರಗಳು ಪರವಾಗಿಲ್ಲ, ಆದರೆ ಅದಕ್ಕೆ ಉಸಿರನ್ನು ನೀವು ಸೇರಿಸಬೇಕು. ಕೆಲವು ಡಬ್ಬದ ಮೇಲೆ "ಟೈಟಾನಿಯಂ ಲೇಪನದಿಂದ ತಾನೇ ಇಂಗಾಲದ ಡೈಆಕ್ಸೈಡ್ ಮಾಡುತ್ತದೆ" ಅಂತ ಬರೆದಿರುತ್ತಾರೆ. ಒಬ್ಬ ಮನುಷ್ಯ ದಿನಕ್ಕೆ ಹೆಚ್ಚುಕಮ್ಮಿ ಒಂದು ಕಿಲೋ ಬಿಡುತ್ತಾನೆ. ಆ ಲೇಪನದಿಂದ ಬರುವುದು ಇದರ ಮುಂದೆ ಲೆಕ್ಕಕ್ಕೇ ಬಾರದು. ಅದಕ್ಕಾಗಿ ಜಾಸ್ತಿ ದುಡ್ಡು ಕೊಡಬೇಡಿ.

ಬೆವರಿನ ವಾಸನೆಯ ಪೊಟ್ಟಣ ಇರುವ ಬಟ್ಟೆ ಬಕೆಟ್‌ನಂಥ ಟ್ರ್ಯಾಪ್‌ಗಳಿವೆ. ಹೊರಗೆ ಬಿಳಿ, ನಡುವೆ ಕಪ್ಪು ಬಾಯಿ. ಈಡಿಸ್ ಹಿಡಿಯಲು ಸಂಶೋಧಕರು ಬಳಸುವುದು ಇಂಥದ್ದನ್ನೇ. ಚೆನ್ನಾಗಿವೆ, ದುಬಾರಿ. ಆಕ್ಟೆನಾಲ್ ಅನ್ನುವ ಪೊಟ್ಟಣವೂ ಸಿಗುತ್ತದೆ. ಅದು ಎತ್ತಿನ ಉಸಿರಿನಲ್ಲಿ ಸಿಕ್ಕ ವಾಸನೆ. ಇಂಗಾಲದ ಡೈಆಕ್ಸೈಡ್ ಜೊತೆ ಸೇರಿದರೆ ಕೆಲವು ಜಾತಿಗೆ ಹಿಡಿಸುತ್ತದೆ, ಅದೊಂದನ್ನೇ ಇಟ್ಟರೆ ಅಷ್ಟಕ್ಕಷ್ಟೆ. ಹೊರದೇಶಗಳಲ್ಲಿ ಪ್ರೊಪೇನ್ ಗ್ಯಾಸ್ ಉರಿಸಿ ಉಸಿರು, ಬಿಸಿ, ತೇವ ಮೂರನ್ನೂ ಕೊಡುವ ದೊಡ್ಡ ಯಂತ್ರಗಳಿವೆ. ಅದನ್ನು ನೋಡಿ ನಮ್ಮ ಅಡುಗೆ ಸಿಲಿಂಡರ್‌ಗೆ ಪೈಪು ಜೋಡಿಸುವ ಸಾಹಸ ದಯವಿಟ್ಟು ಬೇಡ.

ನನ್ನ ಆಯ್ಕೆ: ಫ್ಯಾನ್ ಮತ್ತು ಬಲೆ ಚೀಲ ಇರುವ, ಹನ್ನೆರಡು ವೋಲ್ಟ್ ಅಡಾಪ್ಟರ್‌ನ, ಇಡೀ ರಾತ್ರಿ ಓಡಿದರೂ ಬಿಸಿಯಾಗದ ಸಾದಾ ಯಂತ್ರ. ಕರೆಂಟ್ ಹೋದರೆ ತಾನೇ ಮುಚ್ಚಿಕೊಳ್ಳುವ ರೆಕ್ಕೆ ಬಾಯಲ್ಲಿ ಇದೆಯೇ ನೋಡಿ. ಇಲ್ಲದಿದ್ದರೆ ನಮ್ಮ ಕಡೆಯ ಕರೆಂಟಿಗೆ, ರಾತ್ರಿಯೆಲ್ಲ ಹಿಡಿದದ್ದು ಅರ್ಧ ಗಂಟೆಯಲ್ಲಿ ಎದ್ದು ಹೋಗುತ್ತದೆ. ನನಗೆ ಆಗಿದೆ.

ಬೆಲ್ಲದಿಂದ ಉಸಿರು

ಮಂಡ್ಯದವರಿಗೆ ಹೇಳಿ ಮಾಡಿಸಿದ ಭಾಗ ಇದು. ಯೀಸ್ಟ್ ಸಕ್ಕರೆ ತಿಂದು ಮದ್ಯ ಮತ್ತು ಇಂಗಾಲದ ಡೈಆಕ್ಸೈಡ್ ಮಾಡುತ್ತದೆ. ಆಲೆಮನೆಯಲ್ಲಿ ಕಬ್ಬಿನ ಹಾಲು ಮಾರನೇ ದಿನಕ್ಕೆ ನೊರೆ ಬಂದು ಹುಳಿ ವಾಸನೆ ಹೊಡೆಯುವುದನ್ನು ನೋಡಿದವರಿಗೆ ಬಿಡಿಸಿ ಹೇಳಬೇಕಿಲ್ಲ.

ಎರಡೂವರೆ ಲೀಟರ್ ಹಿಡಿಯುವ ಪ್ಲಾಸ್ಟಿಕ್ ಬಾಟಲಿ ತಗೊಳ್ಳಿ. ಕಾಲು ಕಿಲೋ ಬೆಲ್ಲವನ್ನು ಕುಟ್ಟಿ ಎರಡು ಲೀಟರ್ ಉಗುರುಬೆಚ್ಚಗಿನ ನೀರಿನಲ್ಲಿ ಕರಗಿಸಿ. ನೀರು ಕೈ ಸುಡುವಷ್ಟು ಬಿಸಿ ಇದ್ದರೆ ಯೀಸ್ಟ್ ಸತ್ತುಹೋಗುತ್ತದೆ. ಬೇಕರಿ ಸಾಮಾನಿನ ಅಂಗಡಿಯಲ್ಲಿ ಸಿಗುವ ಒಣ ಯೀಸ್ಟ್ ಒಂದೂವರೆ ಟೇಬಲ್ ಚಮಚ ಹಾಕಿ, ಒಮ್ಮೆ ಕಲಕಿ ಬಿಡಿ. ಬಾಟಲಿಯಲ್ಲಿ ಮೇಲೆ ಸ್ವಲ್ಪ ಜಾಗ ಖಾಲಿ ಇರಲಿ, ನೊರೆ ಏರುತ್ತದೆ. ಮುಚ್ಚಳಕ್ಕೆ ತೂತು ಮಾಡಿ ಮೀನಿನ ತೊಟ್ಟಿಗೆ ಬಳಸುವ ತೆಳು ಪೈಪು ಸಿಕ್ಕಿಸಿ, ಅದರ ಇನ್ನೊಂದು ತುದಿಯನ್ನು ಟ್ರ್ಯಾಪ್‌ನ ಬಾಯಿಯ ಪಕ್ಕ, ಫ್ಯಾನ್‌ಗಿಂತ ಸ್ವಲ್ಪ ಮೇಲೆ ಕಟ್ಟಿ. ಪೈಪಿಲ್ಲದೆ ಮುಚ್ಚಳ ಬಿಗಿ ಮಾಡಿದರೆ ಬಾಟಲಿ ಉಬ್ಬಿ ಸಿಡಿಯುತ್ತದೆ, ಆಮೇಲೆ ಗೋಡೆಯೆಲ್ಲ ಇರುವೆ.

ಕಾಲು ಕಿಲೋ ಸಕ್ಕರೆಯಿಂದ ಹೆಚ್ಚೆಂದರೆ 125 ಗ್ರಾಂ ಸುಮಾರು ಅನಿಲ ಬರುತ್ತದೆ. ಬೆಲ್ಲದಲ್ಲಿ ಸ್ವಲ್ಪ ಕಮ್ಮಿಯೇ. ಜೋರಾಗಿ ಬರುವುದು ಒಂದು ರಾತ್ರಿ, ಮಾರನೇ ರಾತ್ರಿಗೆ ಮಂಕು. ಇಡೀ ಮನುಷ್ಯನ ಉಸಿರಿಗೆ ಇದು ಸಾಟಿಯಲ್ಲ, ತೊಟ್ಟಿಲ ಮಗುವಿನಷ್ಟು ಅಂದುಕೊಳ್ಳಿ. ಆದರೂ ಬರೀ ದೀಪಕ್ಕೂ ಬೆಲ್ಲದ ಬಾಟಲಿ ಸೇರಿದ ದೀಪಕ್ಕೂ ಚೀಲ ನೋಡಿದರೆ ಗೊತ್ತಾಗುತ್ತದೆ. ಒಳ್ಳೆ ಅಚ್ಚು ಬೆಲ್ಲ ಸುರಿಯಬೇಕಿಲ್ಲ, ಮಳೆಗಾಲಕ್ಕೆ ಕರಗಿ ಜಿನುಗುತ್ತಿರುವ ಬೆಲ್ಲ ಇರುತ್ತದಲ್ಲ, ಅದು ಸಾಕು. ಕಾಕಂಬಿಯಿಂದಲೂ ಆಗುತ್ತದೆ, ಕೆನ್ಯಾದಲ್ಲಿ ಸಂಶೋಧಕರು ಸಕ್ಕರೆ ಬದಲು ಅದನ್ನೇ ಹಾಕಿ ಸೊಳ್ಳೆ ಹಿಡಿದಿದ್ದಾರೆ.

ಒಂದು ಎಚ್ಚರಿಕೆ. ಬಾಟಲಿಯ ತಲೆ ಕತ್ತರಿಸಿ, ಉಲ್ಟಾ ಸಿಕ್ಕಿಸಿ, ಒಳಗೆ ಸಕ್ಕರೆ ಯೀಸ್ಟ್ ಹಾಕಿ "ಸಾವಿರಾರು ಸೊಳ್ಳೆ ಹಿಡಿಯಿರಿ" ಅನ್ನುವ ವಿಡಿಯೋ ಎಲ್ಲರೂ ನೋಡಿರುತ್ತೀರಿ. ಅದರಲ್ಲಿ ಫ್ಯಾನ್ ಇಲ್ಲ. ಸೊಳ್ಳೆ ಬಂದರೂ ಸುತ್ತ ಹಾರಾಡಿ ವಾಪಸ್ ಹೋಗುತ್ತದೆ, ಒಳಗೆ ಬೀಳುವುದು ಹಣ್ಣಿನ ನೊಣ. ಎಳೆಯುವ ಗಾಳಿ ಇಲ್ಲದೆ ಬರೀ ಕರೆದರೆ ಏನು ಬಂತು?

ಎಲ್ಲಿ ನೇತುಹಾಕಬೇಕು

ಕೊಳ್ಳಲು ಹತ್ತು ನಿಮಿಷ, ಜಾಗ ಹುಡುಕಲು ನನಗೆ ಎರಡು ತಿಂಗಳು ಹಿಡಿಯಿತು. ಹಾಗಾಗಿ ಇದನ್ನು ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ನೀವು ಕೂರುವ ಜಾಗದಿಂದ ಇಪ್ಪತ್ತೈದು ಮೂವತ್ತು ಅಡಿಯಾದರೂ ದೂರ ಇರಲಿ. ಟ್ರ್ಯಾಪ್ ಪಕ್ಕದಲ್ಲಿ ನೀವಿದ್ದರೆ ಸೊಳ್ಳೆ ಅದನ್ನು ಬಿಟ್ಟು ನಿಮ್ಮನ್ನೇ ಆರಿಸಿಕೊಳ್ಳುತ್ತದೆ, ಯಾಕೆಂದರೆ ನಿಮ್ಮಲ್ಲಿ ಉಸಿರು, ಬೆವರು, ಬಿಸಿ ಮೂರೂ ಅಸಲಿ. ಯಂತ್ರ ಅದನ್ನು ದೂರದಿಂದ ಕರೆಸಿ ನಿಮ್ಮ ಹತ್ತಿರ ತಂದು ಬಿಟ್ಟ ಹಾಗಾಗುತ್ತದೆ. ನನ್ನ ತೊಲೆಯ ದೀಪ ಮಾಡಿದ್ದು ಅದನ್ನೇ.

ಈಗ ಸೊಳ್ಳೆ ಹಗಲು ಎಲ್ಲಿ ಅಡಗಿರುತ್ತದೆ ಅಂತ ಹುಡುಕಿ. ಬಾಳೆ ಗಿಡದ ಬುಡ, ಕಬ್ಬಿನ ಅಂಚು, ಹುಲ್ಲಿನ ಮೆದೆ, ಸೌದೆ ರಾಶಿ, ಕೊಟ್ಟಿಗೆಯ ಕತ್ತಲೆ ಮೂಲೆ. ಕೈಯಲ್ಲಿ ಒಮ್ಮೆ ಸೊಪ್ಪು ಅಲ್ಲಾಡಿಸಿದರೆ ಎದ್ದು ಬರುತ್ತವೆ. ಆ ಜಾಗಕ್ಕೂ ನಿಮಗೂ ನಡುವೆ, ಆ ಜಾಗಕ್ಕೇ ಹತ್ತಿರವಾಗಿ ಟ್ರ್ಯಾಪ್ ಇರಬೇಕು. ಹಸಿವಾಗಿ ಹೊರಟ ಸೊಳ್ಳೆಗೆ ಮೊದಲು ಸಿಗುವ ಎಲೆ ಅದಾಗಬೇಕು.

ಆಮೇಲೆ ಗಾಳಿ. ಸಂಜೆ ಆರೂವರೆಗೆ ಟ್ರ್ಯಾಪ್ ಇಡಬೇಕೆಂದಿರುವ ಜಾಗದಲ್ಲಿ ಒಂದು ಊದುಬತ್ತಿ ಹಚ್ಚಿ ಹಿಡಿದುಕೊಳ್ಳಿ. ಹೊಗೆ ಪೊದೆ, ಗದ್ದೆಯ ಕಡೆಗೆ ಹೋಗುತ್ತಿದ್ದರೆ ಜಾಗ ಸರಿ. ಸೊಳ್ಳೆ ಗಾಳಿಗೆ ಎದುರಾಗಿ ಬರುತ್ತದೆ ಅಂದೆನಲ್ಲ, ಟ್ರ್ಯಾಪ್‌ನ ಉಸಿರು ಅದರ ಮೂಗಿಗೆ ಹೋಗಬೇಕಾದರೆ ಗಾಳಿ ಆ ಕಡೆಗೇ ಬೀಸಬೇಕು. ಹೊಗೆ ನಿಮ್ಮ ಜಗಲಿಯ ಕಡೆ ಬರುತ್ತಿದ್ದರೆ ಟ್ರ್ಯಾಪ್ ಅನ್ನು ಇನ್ನೊಂದು ಪಕ್ಕಕ್ಕೆ ಸರಿಸಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಪಡುವಣ ಗಾಳಿ, ಚಳಿಗಾಲಕ್ಕೆ ಮೂಡಣದಿಂದ ಬರುತ್ತದೆ, ಹಾಗಾಗಿ ದೀಪಾವಳಿ ಆದ ಮೇಲೆ ಒಮ್ಮೆ ಮತ್ತೆ ಊದುಬತ್ತಿ ಹಚ್ಚಿ ನೋಡಲೇಬೇಕು. ಗಾಳಿ ರಭಸವಾಗಿರುವ ಬಯಲಲ್ಲಿ ಇಟ್ಟರೆ ಎಳೆ ಚದುರಿ ಏನೂ ಬರುವುದಿಲ್ಲ, ಗೋಡೆ ಅಥವಾ ಗಿಡದ ಮರೆ ಬೇಕು.

ಎತ್ತರ: ಟ್ರ್ಯಾಪ್‌ನ ಬಾಯಿ ನೆಲದಿಂದ ಮೂರರಿಂದ ಐದು ಅಡಿ. ಈಡಿಸ್‌ಗಾದರೆ ನೆಲದ ಮೇಲೆಯೇ. ದೀಪ ಇರುವ ಟ್ರ್ಯಾಪ್ ಆದರೆ ಬೀದಿ ದೀಪ, ಹಿತ್ತಲ ಬಲ್ಬು ಅದರ ಹತ್ತಿರ ಇರಬಾರದು.

ಇನ್ನು ಕೊಟ್ಟಿಗೆ. ಗದ್ದೆಯ ಕ್ಯೂಲೆಕ್ಸ್‌ಗೆ ಮನುಷ್ಯನಿಗಿಂತ ದನದ ರಕ್ತವೇ ಇಷ್ಟ. ಹಸು ನಮಗಿಂತ ಹಲವು ಪಟ್ಟು ಉಸಿರು ಬಿಡುತ್ತದೆ, ಬಿಸಿ ವಾಸನೆ ಎಲ್ಲ ಜಾಸ್ತಿ. ಅಂದರೆ ಊರಲ್ಲಿ ಎಲ್ಲಕ್ಕಿಂತ ಒಳ್ಳೆಯ ಕರೆಯೋಲೆ ಈಗಾಗಲೇ ಅಜ್ಜಿಯ ಕೊಟ್ಟಿಗೆಯಲ್ಲಿ ಕಟ್ಟಿಹಾಕಿದೆ, ಇಲ್ಲದಿರುವುದು ಫ್ಯಾನ್ ಮಾತ್ರ. ಸಂಶೋಧಕರು ಹಳ್ಳಿಗಳಲ್ಲಿ ಸೊಳ್ಳೆ ಎಣಿಸಲು ಬಲೆ ಇಡುವುದೂ ಕೊಟ್ಟಿಗೆ ಪಕ್ಕದಲ್ಲೇ. ನಾನು ಅಜ್ಜಿಯನ್ನು ಕೇಳಿ ಬೇಲಿಯ ಆ ಮೂಲೆಗೆ ಟ್ರ್ಯಾಪ್ ಸರಿಸಿದೆ. "ಹಸಕ್ಕೆ ಶಾಕ್ ಹೊಡೆಯಾಕಿಲ್ವೇನ್ಲಾ?" ಅಂತ ಮೂರು ಸಲ ಕೇಳಿ ಆಮೇಲೆ ಒಪ್ಪಿದರು. ಜಗಲಿ ಹತ್ತಿರ ಇದ್ದಾಗ ರಾತ್ರಿಗೆ ಐದೋ ಹತ್ತೋ ಬೀಳುತ್ತಿತ್ತು. ಅಲ್ಲಿ ಮೊದಲ ರಾತ್ರಿಯೇ ಎಣಿಸಿ ಬೇಸತ್ತು ನೂರಕ್ಕೆ ನಿಲ್ಲಿಸಿದೆ. ಬೆಲ್ಲದ ಬಾಟಲಿ ಅಲ್ಲಿ ಬೇಕಾಗಲೇ ಇಲ್ಲ.

ಶಾಕ್ ವಿಷಯದಲ್ಲಿ ಅಜ್ಜಿಯ ಭಯ ಸರಿಯಾದದ್ದೇ. ಮಳೆಗಾಲದಲ್ಲಿ ಅಡಾಪ್ಟರ್ ಮನೆಯೊಳಗೇ ಇರಲಿ, ಹೊರಗೆ ಹೋಗುವುದು ಹನ್ನೆರಡು ವೋಲ್ಟಿನ ತಂತಿ ಮಾತ್ರ. ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಟ್ರಿಪ್ ಸ್ವಿಚ್ ಮನೆಯಲ್ಲಿ ಇಲ್ಲದಿದ್ದರೆ ಟ್ರ್ಯಾಪ್‌ಗಿಂತ ಮೊದಲು ಅದನ್ನು ಹಾಕಿಸಿ. ಹಸುವಿನ ನಾಲಿಗೆಗೆ ಸಿಗುವ ಹಾಗೆ ಯಾವ ತಂತಿಯೂ ಬೇಡ.

ದಿನವೂ ಮಾಡುವುದು

ಹೊತ್ತು ಮುಳುಗುವ ಒಂದು ಗಂಟೆ ಮೊದಲು ಹಾಕಿ, ಬೆಳಿಗ್ಗೆ ಬಿಸಿಲು ಬರುವವರೆಗೆ ಬಿಡಿ. ಎರಡು ಗಂಟೆ ಓಡಿಸಿ ಆಫ್ ಮಾಡಿದರೆ ಪ್ರಯೋಜನ ಇಲ್ಲ.

ಬೆಳಿಗ್ಗೆ ಮೊದಲು ಚೀಲದ ಬಾಯಿ ಕಟ್ಟಿ, ಆಮೇಲೆ ಫ್ಯಾನ್ ಆಫ್ ಮಾಡಿ. ಉಲ್ಟಾ ಮಾಡಿದರೆ ಬದುಕಿರುವವು ಮುಖಕ್ಕೇ ಬರುತ್ತವೆ. ಚೀಲವನ್ನು ಪ್ಲಾಸ್ಟಿಕ್ ಕವರಿನೊಳಗೆ ಹಾಕಿ ಬಿಸಿಲಿಗಿಟ್ಟರೆ ಒಂದು ಗಂಟೆಯಲ್ಲಿ ಎಲ್ಲ ಸಾಯುತ್ತವೆ. ಫ್ರಿಜ್ಜಿನ ಐಸ್ ಪೆಟ್ಟಿಗೆಯಲ್ಲಿಟ್ಟರೂ ಆಗುತ್ತದೆ, ಆದರೆ ಆ ಮಾತೆತ್ತಿದ್ದಕ್ಕೆ ನನ್ನ ಹೆಂಡತಿ ನೋಡಿದ ನೋಟ ಇನ್ನೂ ನೆನಪಿದೆ.

ಸತ್ತವನ್ನು ಬಿಳಿ ಕಾಗದದ ಮೇಲೆ ಸುರಿದು ನೋಡಿ. ಉದ್ದ ಸೊಂಡಿಲು ಇದ್ದರೆ ಸೊಳ್ಳೆ. ಸೊಳ್ಳೆಯ ಹಾಗೇ ಕಂಡರೂ ಸೊಂಡಿಲೇ ಇಲ್ಲದಿದ್ದರೆ ಅದು ಕೆರೆ ಕಾಲುವೆಯ ನೊರಜು, ಕಚ್ಚುವುದಿಲ್ಲ. ಮೀಸೆ ಗರಿಗರಿಯಾಗಿ ಬ್ರಷ್‌ನ ಹಾಗಿದ್ದರೆ ಗಂಡು. ಹೆಣ್ಣು ಸೊಳ್ಳೆ ಎಷ್ಟು ಅಂತ ಕ್ಯಾಲೆಂಡರಿನಲ್ಲಿ ಆ ದಿನದ ಮನೆಯಲ್ಲಿ ಬರೆದಿಡಿ. ಮೂರು ರಾತ್ರಿ ಕಮ್ಮಿ ಬಂದರೆ ಜಾಗ ಬದಲಿಸಿ. ಯಂತ್ರ ಕೆಟ್ಟದ್ದು ಅಂತ ತೀರ್ಮಾನ ಮಾಡುವ ಮೊದಲು ನಾಲ್ಕು ಜಾಗವಾದರೂ ನೋಡಬೇಕು.

ಇರುವೆ ಬಗ್ಗೆ ಯಾರೂ ಹೇಳುವುದಿಲ್ಲ. ನೇತುಹಾಕಿದ ತಂತಿಯಲ್ಲಿ ಸಾಲಾಗಿ ಬಂದು ರಾತ್ರಿಯೊಳಗೆ ಚೀಲ ಖಾಲಿ ಮಾಡುತ್ತವೆ, ನೀವು ಸೊಳ್ಳೆಯೇ ಬಿದ್ದಿಲ್ಲ ಅಂದುಕೊಳ್ಳುತ್ತೀರಿ. ತಂತಿಗೆ ಎರಡು ಇಂಚು ಗ್ರೀಸ್ ಬಳಿಯಿರಿ. ಹಲ್ಲಿ ಬಾಯಿಯ ಪಕ್ಕವೇ ಕೂತು ಬರುವವನ್ನು ನುಂಗುತ್ತಿದ್ದರೆ ಬಿಡಿ, ಅದೂ ನಮ್ಮ ಕೆಲಸವನ್ನೇ ಮಾಡುತ್ತಿದೆ. ಫ್ಯಾನಿನ ರೆಕ್ಕೆಗೆ ಅಂಟುವ ಧೂಳನ್ನು ಹದಿನೈದು ದಿನಕ್ಕೊಮ್ಮೆ ಒರೆಸಿ, ಇಲ್ಲದಿದ್ದರೆ ಎಳೆತ ಕಮ್ಮಿಯಾಗುತ್ತದೆ.

ಇಷ್ಟೆಲ್ಲ ಮಾಡಿದರೂ ಒಂದು ಮನೆಯ ಒಂದು ಟ್ರ್ಯಾಪ್‌ನಿಂದ ಊರಿನ ಸೊಳ್ಳೆ ಮುಗಿಯುವುದಿಲ್ಲ. ಚೀಲದಲ್ಲಿ ನೂರು ಬಿದ್ದ ರಾತ್ರಿಯೂ ನನಗೆ ಕಚ್ಚಿದೆ. ಕೆನ್ಯಾದ ವಿಕ್ಟೋರಿಯಾ ಸರೋವರದ ರುಸಿಂಗಾ ದ್ವೀಪದಲ್ಲಿ ಮನೆ ಮನೆಗೂ ಸೋಲಾರ್‌ನಿಂದ ಓಡುವ ವಾಸನೆಯ ಟ್ರ್ಯಾಪ್ ಕೊಟ್ಟರು. ಟ್ರ್ಯಾಪ್ ಇದ್ದ ಕಡೆ ಮಲೇರಿಯ ಸುಮಾರು 30% ಕಮ್ಮಿ ಇತ್ತು ಅಂತ 2016ರಲ್ಲಿ ಪ್ರಕಟವಾಯಿತು. ಅಲ್ಲಿ ಇಡೀ ದ್ವೀಪವೇ ಸೇರಿತ್ತು, ಸೊಳ್ಳೆ ಪರದೆಯನ್ನೂ ಬಿಟ್ಟಿರಲಿಲ್ಲ. ನಮ್ಮ ಬೀದಿಯಲ್ಲಿ ನಾಲ್ಕು ಮನೆಯವರು ಒಟ್ಟಿಗೆ ಇಟ್ಟರೂ ವ್ಯತ್ಯಾಸ ಕಾಣಬಹುದು. ಅಲ್ಲಿಯವರೆಗೆ ಜಗಲಿಯಲ್ಲಿ ಕೂತಾಗ ಕಾಲ ಬಳಿ ಒಂದು ಟೇಬಲ್ ಫ್ಯಾನ್ ಇಟ್ಟುಕೊಳ್ಳಿ. ಉಸಿರಿನ ಎಳೆ ಚದುರುತ್ತದೆ, ಸೊಳ್ಳೆಗೆ ಹಾರಲೂ ಆಗುವುದಿಲ್ಲ. ಟ್ರ್ಯಾಪ್ ದೂರದಲ್ಲಿ, ಫ್ಯಾನ್ ಹತ್ತಿರದಲ್ಲಿ. ನಮ್ಮ ಮನೆಯಲ್ಲಿ ಈಗ ಇದೇ ಏರ್ಪಾಡು.

ಹಗಲು ಕಚ್ಚುವುದಕ್ಕೆ ಕಪ್ಪು ಬಕೆಟ್

ಇದು ಮೈಸೂರಿನ ಕುವೆಂಪುನಗರದಲ್ಲಿರುವ ಅಕ್ಕನ ಮನೆಗೆ ಮಾಡಿಕೊಟ್ಟದ್ದು. ಅಲ್ಲಿ ಗದ್ದೆ ಇಲ್ಲ, ಕೊಟ್ಟಿಗೆ ಇಲ್ಲ. ತಾರಸಿ ತುಂಬ ಹೂಕುಂಡ, ನೀರು ಬಿಡದ ದಿನಕ್ಕೆಂದು ತುಂಬಿಟ್ಟ ಡ್ರಮ್ಮು. ಕಚ್ಚುತ್ತಿದ್ದದ್ದು ಬಿಳಿ ಪಟ್ಟೆಯದ್ದು.

ಇಲ್ಲಿ ಉಸಿರಿನ ನಾಟಕ ಬೇಡ. ರಕ್ತ ಕುಡಿದು ಹೊಟ್ಟೆ ತುಂಬಿದ ಸೊಳ್ಳೆ ಮೊಟ್ಟೆ ಇಡಲು ಜಾಗ ಹುಡುಕುತ್ತದೆ. ನೆರಳು, ಕಪ್ಪು ಬಣ್ಣ, ಕೊಳೆತ ಎಲೆಯ ವಾಸನೆಯ ನೀರು ಅದಕ್ಕೆ ಇಷ್ಟ. ಆ ಜಾಗವನ್ನು ನಾವೇ ಮಾಡಿಕೊಟ್ಟು, ಮೊಟ್ಟೆ ಇಟ್ಟ ಮೇಲೆ ಎತ್ತಿ ಚೆಲ್ಲುವುದು.

ಒಂದೆರಡು ಲೀಟರಿನ ಕಪ್ಪು ಪ್ಲಾಸ್ಟಿಕ್ ಡಬ್ಬ ಸಾಕು, ಪೇಂಟ್ ಡಬ್ಬಕ್ಕೆ ಕಪ್ಪು ಬಳಿದರೂ ಆಯಿತು. ಒಂದು ಹಿಡಿ ಭತ್ತದ ಹುಲ್ಲನ್ನು ಬಕೆಟ್ ನೀರಿನಲ್ಲಿ ಮುಚ್ಚಿಟ್ಟು ಐದಾರು ದಿನ ನೆನೆಸಿ, ಸೋಸಿದ ಆ ಕಂದು ನೀರನ್ನು ಸಾದಾ ನೀರಿಗೆ ಬೆರೆಸಿ ಡಬ್ಬದ ಅರ್ಧಕ್ಕೆ ಹಾಕಿ. ಅರ್ಧಕ್ಕಿಂತ ಸ್ವಲ್ಪ ಮೇಲೆ ಒಂದು ತೂತು ಇರಲಿ, ಮಳೆ ಬಂದರೆ ನೀರು ಅಲ್ಲೇ ನಿಲ್ಲಬೇಕು. ಒಳಗೋಡೆಗೆ ಸುತ್ತಲೂ ಹಳೇ ಹತ್ತಿ ಬಟ್ಟೆಯ ಪಟ್ಟಿ ಅಂಟಿಸಿ, ಕೆಳ ಅಂಚು ನೀರಿನಲ್ಲಿ ಅದ್ದಿರಲಿ. ಈಡಿಸ್ ಮೊಟ್ಟೆಯನ್ನು ನೀರಿನಲ್ಲಿ ಬಿಡುವುದಿಲ್ಲ, ನೀರಿನ ಗೆರೆಗಿಂತ ಸ್ವಲ್ಪ ಮೇಲೆ ಒದ್ದೆ ಗೋಡೆಗೆ ಅಂಟಿಸುತ್ತದೆ. ಎಳ್ಳಿಗಿಂತ ಸಣ್ಣ ಕಪ್ಪು ಚುಕ್ಕೆಗಳು. ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತವೆ, ಮತ್ತೆ ನೀರು ತಾಗಿದರೆ ಮರಿಯಾಗುತ್ತವೆ. ಹಾಗಾಗಿ ಡ್ರಮ್ಮು ಖಾಲಿ ಮಾಡಿದರೆ ಸಾಲದು, ಒಳಗೋಡೆಯನ್ನು ತೆಂಗಿನ ನಾರಿನಿಂದ ಉಜ್ಜಬೇಕು.

ಡಬ್ಬವನ್ನು ಹೂಕುಂಡಗಳ ನಡುವೆ ನೆರಳಿನಲ್ಲಿ, ನೆಲದ ಮೇಲೆ ಇಡಿ. ಭಾನುವಾರ ಮತ್ತು ಗುರುವಾರ, ವಾರಕ್ಕೆ ಎರಡು ಸಲ, ನೀರನ್ನು ಬಿಸಿಲಿರುವ ಒಣ ಮಣ್ಣಿಗೆ ಚೆಲ್ಲಿ. ಚರಂಡಿಗೆ ಬೇಡ, ಮರಿಗಳು ಅಲ್ಲಿ ಬೆಳೆಯಬಹುದು. ಬಟ್ಟೆಯನ್ನು ಕುದಿಯುವ ನೀರಿಗೆ ಹಾಕಿ ತೆಗೆಯಿರಿ, ಡಬ್ಬ ಉಜ್ಜಿ, ಹೊಸ ನೀರು ಹಾಕಿ. ನಮ್ಮ ಸೆಕೆಗೆ ಮೊಟ್ಟೆಯಿಂದ ಹಾರುವ ಸೊಳ್ಳೆ ಆಗಲು ಏಳೆಂಟು ದಿನ ಸಾಕು. ಒಂದು ವಾರ ಮರೆತರೆ ನೀವೇ ಕೈಯಾರೆ ಸೊಳ್ಳೆ ಸಾಕಿದ ಹಾಗೆ.

ಇದರ ಜೊತೆ ಬೇರೆ ನೀರೆಲ್ಲ ಮುಚ್ಚಿರಬೇಕು, ಆಗಲೇ ಸೊಳ್ಳೆ ಈ ಡಬ್ಬವನ್ನು ಹುಡುಕಿ ಬರುವುದು. ಸಂಪಿನ ಮುಚ್ಚಳ, ಡ್ರಮ್ಮಿಗೆ ಬಿಗಿಯಾಗಿ ಕಟ್ಟಿದ ಪಂಚೆ, ಕುಂಡದ ಕೆಳಗಿನ ತಟ್ಟೆ, ಫ್ರಿಜ್ಜಿನ ಹಿಂದಿನ ಟ್ರೇ, ಮನಿಪ್ಲಾಂಟ್ ಬಾಟಲಿ, ಎಳನೀರು ಬುರುಡೆ, ಹಳೇ ಟೈರು. ಮಲೇರಿಯದ ರೋಗಾಣು ಸೊಳ್ಳೆಯ ಹೊಟ್ಟೆಯಲ್ಲಿ ಇರುವುದನ್ನು 1897ರಲ್ಲಿ ಸಿಕಂದರಾಬಾದಿನಲ್ಲಿ ಕಂಡುಹಿಡಿದ ರೊನಾಲ್ಡ್ ರಾಸ್, ಅದಕ್ಕೂ ಮುಂಚೆ 1883ರಲ್ಲಿ ಬೆಂಗಳೂರಿನಲ್ಲಿದ್ದಾಗ ತಾನಿದ್ದ ಬಂಗಲೆಯ ಕಿಟಕಿ ಹೊರಗಿನ ತೊಟ್ಟಿಯಲ್ಲಿ ಸೊಳ್ಳೆ ಮರಿಗಳನ್ನು ಕಂಡು ಅದನ್ನು ಬೋರಲು ಹಾಕಿದ್ದ, ಸೊಳ್ಳೆ ಕಮ್ಮಿಯಾಗಿತ್ತು. ಈಗ ಅದು ಕಾನೂನೂ ಹೌದು. 2024ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿ, ಸೊಳ್ಳೆ ಹುಟ್ಟಲು ಬಿಟ್ಟ ಮನೆಯವರಿಗೆ ನಗರದಲ್ಲಿ 400, ಹಳ್ಳಿಯಲ್ಲಿ 200 ರೂಪಾಯಿ ದಂಡ ಇಟ್ಟಿತು. ಆದ್ದರಿಂದ ಡಬ್ಬದ ಮೇಲೆ "ಸೊಳ್ಳೆ ಟ್ರ್ಯಾಪ್, ಭಾನುವಾರ–ಗುರುವಾರ" ಅಂತ ದೊಡ್ಡದಾಗಿ ಬರೆದಿಡಿ. ಲಾರ್ವಾ ನೋಡಲು ಬರುವ ಆಶಾ ಕಾರ್ಯಕರ್ತೆಗೂ ಗೊತ್ತಾಗುತ್ತದೆ, ಕೆಲಸದವರು ಎತ್ತಿ ಗಿಡಕ್ಕೆ ಸುರಿಯುವುದೂ ತಪ್ಪುತ್ತದೆ.

ಊರಿಗೆ ಹೋಗುವಾಗ, ಮದುವೆಗೋ ಹಬ್ಬಕ್ಕೋ ನಾಲ್ಕು ದಿನ ಬಾಗಿಲು ಹಾಕುವುದಿದ್ದರೆ, ಗ್ಯಾಸ್ ಆಫ್ ಮಾಡುವಾಗಲೇ ಈ ಡಬ್ಬವನ್ನೂ ಚೆಲ್ಲಿ, ಉಜ್ಜಿ, ಬಿಸಿಲಿಗೆ ಬೋರಲು ಹಾಕಿ ಹೊರಡಿ.